‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಅಂದರೆ ಮೊದಲು ಛೇದ ಕೇಳಿ

ಅಕ್ಕನ ಮಗ ಬಿಎಸ್‌ಸಿ ಮುಗಿಸಿದ್ದ. ಜಾವಾ ಕೋರ್ಸ್ ಸೇರುತ್ತೇನೆ ಅಂತ ಬೆಂಗಳೂರಿಗೆ ಬಂದ. ಜೊತೆಗೆ ನಾನೂ ಹೋದೆ. ಇನ್‌ಸ್ಟಿಟ್ಯೂಟ್‌ನ ಗೋಡೆ ತುಂಬ ಹುಡುಗ ಹುಡುಗಿಯರ ಫೋಟೊ. ಒಂದೊಂದರ ಕೆಳಗೂ ಕಂಪನಿ ಲೋಗೊ, ಪ್ಯಾಕೇಜ್. ಎಲ್ಲದರ ಮೇಲೆ ಕೆಂಪಕ್ಷರದಲ್ಲಿ ‘ಶೇ 100 ಪ್ಲೇಸ್‌ಮೆಂಟ್’.

“ಹೋದ ಬ್ಯಾಚ್‌ಗೆ ಎಷ್ಟು ಜನ ಸೇರಿದ್ದರಮ್ಮಾ?” ಅಂತ ಕೌನ್ಸೆಲರ್ ಹುಡುಗಿಯನ್ನು ಕೇಳಿದೆ.

“ಎಲ್ಲರಿಗೂ ಕೆಲಸ ಆಗಿದೆ ಸರ್.”

“ಅದು ಸರಿ. ಸೇರಿದವರು ಎಷ್ಟು?”

“ಎಲಿಜಿಬಲ್ ಇದ್ದವರಿಗೆಲ್ಲ ಆಗಿದೆ ಸರ್.”

“ಎಲಿಜಿಬಲ್ ಇದ್ದವರು ಎಷ್ಟು?”

ಅವಳು ಎದ್ದು ಹೋಗಿ ಮ್ಯಾನೇಜರನ್ನು ಕರೆದುಕೊಂಡು ಬಂದಳು.

ಭಿನ್ನರಾಶಿಯಲ್ಲಿ ಮೇಲಿರುವುದು ಅಂಶ, ಕೆಳಗಿರುವುದು ಛೇದ ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಪ್ಲೇಸ್‌ಮೆಂಟ್ ಜಾಹೀರಾತುಗಳಲ್ಲಿ ಛೇದ ಕಾಣುವುದೇ ಇಲ್ಲ. ಫೀಸ್ ಕಟ್ಟುವ ಮೊದಲು ಅದನ್ನು ಹೊರಗೆ ತೆಗೆಸುವುದು ಹೇಗೆ, ಆಮೇಲೆ ಮೋಸ ಅಂತ ಗೊತ್ತಾದರೆ ಯಾರ ಬಾಗಿಲು ತಟ್ಟುವುದು, ನೋಡೋಣ.

ಹೆಜ್ಜೆ 1: ಎಷ್ಟು ಜನರಲ್ಲಿ ಎಷ್ಟು ಜನ?

ಒಂದು ಲೆಕ್ಕ ಹಾಕೋಣ. ಸಂಖ್ಯೆಗಳು ಬರೀ ಉದಾಹರಣೆಗೆ. ಒಂದು ವಿಭಾಗಕ್ಕೆ 110 ಮಂದಿ ಸೇರಿದರು. ನಾಲ್ಕು ವರ್ಷಕ್ಕೆ ಸರಿಯಾಗಿ ಪಾಸಾದವರು 92. ಎಸ್‌ಎಸ್‌ಎಲ್‌ಸಿಯಿಂದ ಹಿಡಿದು ಎಲ್ಲ ಕಡೆ ಶೇ 60 ಇರಬೇಕು, ಬ್ಯಾಕ್‌ಲಾಗ್ ಇರಬಾರದು ಅನ್ನುವ ಷರತ್ತು ದಾಟಿದವರು 60. ಅವರಲ್ಲಿ ಪ್ಲೇಸ್‌ಮೆಂಟ್ ಸೆಲ್‌ಗೆ ಹೆಸರು ಕೊಟ್ಟವರು 48. ಕೆಲಸ ಸಿಕ್ಕಿದ್ದು 40 ಮಂದಿಗೆ. ಆದರೆ ಕೆಲವರಿಗೆ ಎರಡೆರಡು ಆಫರ್ ಬಂದಿದ್ದರಿಂದ ಒಟ್ಟು ಆಫರ್ 50.

ಈಗ 50 ಆಫರನ್ನು 48ರಿಂದ ಭಾಗಿಸಿ. ಶೇ 104! ಹಾಗಂತ ಅಚ್ಚು ಹಾಕಿದರೆ ಜನ ನಗುತ್ತಾರೆ, ಅದಕ್ಕೇ ಪಾಪ 100 ಅಂತ ಹಾಕುತ್ತಾರೆ. ಸೇರಿದ 110 ಮಂದಿಯಲ್ಲಿ ಕೆಲಸ ಸಿಕ್ಕಿದ್ದು 40 ಮಂದಿಗೆ ಅಂತ ನೋಡಿದರೆ ಶೇ 36. ಒಂದೇ ಕಾಲೇಜು, ಒಂದೇ ವರ್ಷ. ಸುಳ್ಳು ಸಂಖ್ಯೆ ಒಂದೂ ಬಳಸಿಲ್ಲ.

ನಿಮ್ಮ ಮಗನೋ ಮಗಳೋ ಇವತ್ತು ಸೇರುತ್ತಿರುವುದು ಆ 110ರ ಗುಂಪಿಗೆ. 48ರ ಗುಂಪಿಗೆ ಬರುತ್ತಾರೋ ಇಲ್ಲವೋ ಇವತ್ತೇ ಯಾರಿಗೆ ಗೊತ್ತು? ಅದಕ್ಕೇ ಪ್ರಶ್ನೆ ಹೀಗಿರಲಿ: ಸೇರಿದವರು ಎಷ್ಟು, ಮುಗಿಸಿದವರು ಎಷ್ಟು, ಕೆಲಸಕ್ಕೆ ಹೋದ ತಲೆಗಳು ಎಷ್ಟು? ಆಫರ್ ಎಣಿಸಬೇಡಿ, ತಲೆ ಎಣಿಸಿ.

ಈ ಆಟ ನಮ್ಮಲ್ಲಿ ಮಾತ್ರ ಇಲ್ಲ. ಅಮೆರಿಕದ ಡಿವ್ರಾಯ್ ಯೂನಿವರ್ಸಿಟಿ, ಕೆಲಸ ಹುಡುಕುತ್ತಿದ್ದ ತನ್ನ ಪದವೀಧರರಲ್ಲಿ ಶೇ 90 ಮಂದಿಗೆ ಆರು ತಿಂಗಳೊಳಗೆ ಅವರದೇ ಕ್ಷೇತ್ರದಲ್ಲಿ ಕೆಲಸ ಸಿಕ್ಕಿದೆ ಅಂತ ಜಾಹೀರಾತು ಕೊಡುತ್ತಿತ್ತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2016ರ ಜನವರಿಯಲ್ಲಿ ಕೇಸು ಹಾಕಿತು. ಬಿಸಿನೆಸ್ ಓದಿ ಹೋಟೆಲಿನಲ್ಲಿ ಸರ್ವರ್ ಆದವರನ್ನೂ ‘ಅದೇ ಕ್ಷೇತ್ರ’ ಅಂತ ಎಣಿಸಿದ್ದಾರೆ, ಕೆಲಸ ಸಿಗದ ಕೆಲವರನ್ನು ‘ಹುಡುಕುತ್ತಿಲ್ಲ’ ಅಂತ ಪಟ್ಟಿಯಿಂದಲೇ ಕೈಬಿಟ್ಟಿದ್ದಾರೆ ಅನ್ನುವುದು ಆರೋಪ. ಅದೇ ವರ್ಷದ ಡಿಸೆಂಬರ್‌ನಲ್ಲಿ 10 ಕೋಟಿ ಡಾಲರ್‌ಗೆ ರಾಜಿಯಾಯಿತು. ಕೊರಿಂಥಿಯನ್ ಕಾಲೇಜಸ್ ಅನ್ನುವ ಇನ್ನೊಂದು ಕಂಪನಿಯ ಕಥೆ ಇದಕ್ಕಿಂತ ಜೋರು. ಅದರ ಹೀಲ್ಡ್ ಕಾಲೇಜು ಏಜೆನ್ಸಿಗಳಿಗೆ ತಾನೇ ದುಡ್ಡು ಕೊಟ್ಟು, ತನ್ನದೇ ಹಳೇ ವಿದ್ಯಾರ್ಥಿಗಳನ್ನು ತನ್ನದೇ ಕ್ಯಾಂಪಸ್‌ನಲ್ಲಿ ಎರಡು ದಿನದ ಮಟ್ಟಿಗೆಲ್ಲ ಕೆಲಸಕ್ಕೆ ಇಡಿಸಿತ್ತು. ಕಂಪ್ಯೂಟರ್ ಎತ್ತಿಡುವುದು, ಕೇಬಲ್ ಜೋಡಿಸುವುದು. ಅದೂ ‘ಪ್ಲೇಸ್‌ಮೆಂಟ್’! 2015ರ ಏಪ್ರಿಲ್‌ನಲ್ಲಿ ಅಮೆರಿಕದ ಶಿಕ್ಷಣ ಇಲಾಖೆ ಸುಮಾರು 3 ಕೋಟಿ ಡಾಲರ್ ದಂಡ ಹಾಕಿತು. ಅದೇ ತಿಂಗಳು ಕಂಪನಿ ಬಾಗಿಲು ಹಾಕಿತು.

ಹೆಜ್ಜೆ 2: ‘ಕೆಲಸ’ ಅಂದರೆ ಏನು?

ಆಫರ್ ಲೆಟರ್ ಬೇರೆ, ಕೆಲಸ ಬೇರೆ. 2022ರ ಬ್ಯಾಚ್‌ನಲ್ಲಿ ಕ್ಯಾಂಪಸ್ ಆಯ್ಕೆಯಾಗಿ, ಪತ್ರ ಕೈಯಲ್ಲಿ ಹಿಡಿದು ಎರಡು ವರ್ಷ ಕಾದ ಎಂಜಿನಿಯರ್‌ಗಳಿದ್ದಾರೆ. ಕಾಲೇಜಿನ ಲೆಕ್ಕದಲ್ಲಿ ಅವರು ಅವತ್ತೇ ‘ಪ್ಲೇಸ್ಡ್’.

ಗ್ರಾಮೀಣ ಯುವಕರಿಗೆ ತರಬೇತಿ ಕೊಡುವ ಕೇಂದ್ರ ಸರ್ಕಾರದ ದೀನ್ ದಯಾಳ್ ಗ್ರಾಮೀಣ ಕೌಶಲ್ಯ ಯೋಜನೆಯಲ್ಲಿ ಬರೀ ಆಫರ್ ಲೆಟರ್ ನಡೆಯುವುದಿಲ್ಲ. ಮೂರು ತಿಂಗಳು ಕೆಲಸದಲ್ಲಿದ್ದದ್ದಕ್ಕೆ, ಸಂಬಳ ಬಂದದ್ದಕ್ಕೆ ದಾಖಲೆ ಬೇಕು. ಇದೇ ಅಳತೆಯನ್ನು ನೀವೂ ಹಿಡಿಯಿರಿ: “ಮೂರು ತಿಂಗಳಾದ ಮೇಲೂ ಕೆಲಸದಲ್ಲಿದ್ದವರು ಎಷ್ಟು?”

‘ಹೈಯೆಸ್ಟ್ ಪ್ಯಾಕೇಜ್’ ಕಡೆ ತಲೆ ಕೆಡಿಸಿಕೊಳ್ಳಬೇಡಿ. ಅದು ಒಬ್ಬನದು. ಸರಾಸರಿಯೂ ಪೂರ್ತಿ ನಂಬುವಂಥದ್ದಲ್ಲ. ಒಂಬತ್ತು ಜನಕ್ಕೆ 3 ಲಕ್ಷ, ಒಬ್ಬನಿಗೆ 43 ಲಕ್ಷ ಅಂದರೆ ಸರಾಸರಿ 7 ಲಕ್ಷ ಬರುತ್ತದೆ. ಆ 7 ಲಕ್ಷ ಹತ್ತರಲ್ಲಿ ಯಾರಿಗೂ ಸಿಕ್ಕಿಲ್ಲ. ಮೀಡಿಯನ್ ಕೇಳಿ. ಸಂಬಳಗಳನ್ನು ಸಾಲಾಗಿ ಜೋಡಿಸಿದರೆ ನಡುವೆ ನಿಲ್ಲುವ ಸಂಖ್ಯೆ ಅದು. ಇಲ್ಲಿ 3 ಲಕ್ಷ. ಅದೂ ಸಿಟಿಸಿಯೋ (ಕಂಪನಿ ಒಬ್ಬನ ಮೇಲೆ ಮಾಡುವ ಒಟ್ಟು ಖರ್ಚು) ಕೈಗೆ ಬರುವುದೋ ಅನ್ನುವುದನ್ನೂ ಕೇಳಿಕೊಳ್ಳಿ.

ಹೆಜ್ಜೆ 3: ಕಾಲೇಜಿನ ಬಾಯಲ್ಲಲ್ಲ, ಕಾಗದದಲ್ಲಿ ನೋಡಿ

ಎಂಜಿನಿಯರಿಂಗ್, ಎಂಬಿಎ ಕಾಲೇಜಾದರೆ ಇದು ಸುಲಭ. ಕೇಂದ್ರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಕಾಲೇಜುಗಳೇ ಕೊಟ್ಟ ಅಂಕಿಅಂಶ ಪಿಡಿಎಫ್ ರೂಪದಲ್ಲಿ ಸಿಗುತ್ತದೆ. ಆ ವರ್ಷ ಎಷ್ಟು ಮಂದಿ ಸೇರಿದರು, ನಿಗದಿತ ಅವಧಿಯಲ್ಲಿ ಎಷ್ಟು ಮಂದಿ ಮುಗಿಸಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಮೀಡಿಯನ್ ಸಂಬಳ ಎಷ್ಟು, ಮುಂದೆ ಓದಲು ಹೋದವರು ಎಷ್ಟು, ಎಲ್ಲ ಒಂದೇ ಸಾಲಿನಲ್ಲಿರುತ್ತದೆ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇಯ ಮಾನ್ಯತೆ ಇರುವ ಕಾಲೇಜಿನ ವೆಬ್‌ಸೈಟಿನಲ್ಲಿ ‘ಮ್ಯಾಂಡೇಟರಿ ಡಿಸ್‌ಕ್ಲೋಷರ್’ ಅನ್ನುವ ಕಡತವೂ ಇರಬೇಕು. ಕಳೆದ ಮೂರು ವರ್ಷದ ಕನಿಷ್ಠ, ಗರಿಷ್ಠ, ಸರಾಸರಿ ಸಂಬಳ ಅದರಲ್ಲಿ ಬರುತ್ತದೆ. ಜಾಹೀರಾತನ್ನೂ ಈ ಪಿಡಿಎಫನ್ನೂ ಅಕ್ಕಪಕ್ಕ ಇಟ್ಟು ಓದಿ. ಸಿಇಟಿ ಆಪ್ಷನ್ ಎಂಟ್ರಿಗೆ ಕೂರುವ ಮೊದಲು ಒಂದು ಸಂಜೆ ಇದಕ್ಕೆ ಕೊಟ್ಟರೆ ಸಾಕು.

ಮಾರತಹಳ್ಳಿ, ಬಿಟಿಎಂ ಲೇಔಟ್ ಕಡೆಯ ಟ್ರೇನಿಂಗ್ ಇನ್‌ಸ್ಟಿಟ್ಯೂಟ್‌ಗಳಿಗೆ ಇಂಥ ಪಿಡಿಎಫ್ ಇರುವುದಿಲ್ಲ. ಅಲ್ಲಿ ಹಳೇ ಬ್ಯಾಚಿನವರನ್ನೇ ಹಿಡಿಯಬೇಕು. ಇನ್‌ಸ್ಟಿಟ್ಯೂಟ್‌ನವರೇ ಕೊಟ್ಟ ನಂಬರ್‌ಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಲಿಂಕ್ಡ್‌ಇನ್‌ನಲ್ಲಿ ಇನ್‌ಸ್ಟಿಟ್ಯೂಟ್ ಹೆಸರು ಹಾಕಿ ನೀವೇ ಹುಡುಕಿ, ಐದಾರು ಜನಕ್ಕೆ ಮೆಸೇಜ್ ಹಾಕಿ. ಇಬ್ಬರಾದರೂ ಉತ್ತರ ಕೊಡುತ್ತಾರೆ. ಬೇಜಾರಾಗಿದ್ದವರು ಬೇಗ ಕೊಡುತ್ತಾರೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹೆಜ್ಜೆ 4: ಬರವಣಿಗೆಯಲ್ಲಿ ಕೇಳಿ

ಬಾಯಿಮಾತು ಗಾಳಿಗೆ ಹೋಯಿತು. ಈ ನಾಲ್ಕು ಸಾಲನ್ನು ಇಮೇಲ್‌ಗೆ ಕಾಪಿ ಮಾಡಿ:

“ನಿಮ್ಮ ಜಾಹೀರಾತಿನಲ್ಲಿ ಶೇ 100 ಪ್ಲೇಸ್‌ಮೆಂಟ್ ಎಂದಿದೆ. ಕಳೆದ ಎರಡು ಬ್ಯಾಚ್‌ಗಳಲ್ಲಿ ಸೇರಿದವರು, ಮುಗಿಸಿದವರು ಮತ್ತು ಕೆಲಸಕ್ಕೆ ಸೇರಿದವರ ಸಂಖ್ಯೆ ತಿಳಿಸಿ. ಮೀಡಿಯನ್ ಸಂಬಳ ಎಷ್ಟು? ಕೆಲಸ ಸಿಗದಿದ್ದರೆ ಫೀಸ್ ಎಷ್ಟು, ಎಷ್ಟು ದಿನದಲ್ಲಿ ವಾಪಸ್ ಕೊಡುತ್ತೀರಿ?”

ಉತ್ತರ ಬಂದರೆ ಅದು ನಾಳೆಗೆ ಸಾಕ್ಷಿ. ಬರದಿದ್ದರೆ ಅದೂ ಒಂದು ಉತ್ತರವೇ.

ಅಪ್ಲಿಕೇಷನ್ ಫಾರ್ಮ್‌ನ ಹಿಂಬದಿ ಓದಿ. ಗೋಡೆ ಮೇಲೆ ‘ಗ್ಯಾರಂಟಿ’ ಅಂತಿದ್ದದ್ದು ಅಲ್ಲಿ ‘ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್’ ಆಗಿರುತ್ತದೆ. ಅಂದರೆ ಇಂಟರ್‌ವ್ಯೂಗೆ ಕಳಿಸುತ್ತೇವೆ, ಮಿಕ್ಕಿದ್ದು ನಿನ್ನ ಹಣೆಬರಹ ಅಂತ. ಆಮೇಲೆ ಆ ನಕ್ಷತ್ರ ಚಿಹ್ನೆ. ಕನ್ನಡದಲ್ಲಿ ದಪ್ಪಕ್ಷರದ ಭರವಸೆ, ಕೆಳಗೆ ಇರುವೆ ಸಾಲಿನಂಥ ಇಂಗ್ಲಿಷ್‌ನಲ್ಲಿ ‘ಷರತ್ತು ಅನ್ವಯ’. ಇದು ಸುಮ್ನೆ ಕಿರಿಕಿರಿಯ ವಿಷಯ ಅಲ್ಲ, ನಿಯಮದ ಉಲ್ಲಂಘನೆ. 2022ರ ಜೂನ್ 9ರಂದು ಬಂದ ಕೇಂದ್ರದ ಮಾರ್ಗಸೂಚಿ ಪ್ರಕಾರ, ಷರತ್ತು ಕೂಡ ಭರವಸೆ ಇರುವ ಭಾಷೆಯಲ್ಲೇ, ಅದೇ ಅಕ್ಷರ ಶೈಲಿಯಲ್ಲಿ ಇರಬೇಕು.

ಜಾಹೀರಾತು ಉದ್ಯಮದವರೇ ಮಾಡಿಕೊಂಡ ಎಎಸ್‌ಸಿಐ ಸಂಹಿತೆ ಇನ್ನೂ ಬಿಗಿ. ಸಾಕ್ಷಿ ಇಲ್ಲದೆ ಕೆಲಸದ ಭರವಸೆ ಕೊಡುವಂತಿಲ್ಲ. ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಅಂತ ಹಾಕಿದರೆ ಆ ತರಗತಿಯಲ್ಲಿ ಪಾಸಾದವರ ಒಟ್ಟು ಸಂಖ್ಯೆಯನ್ನೂ ಹಾಕಬೇಕು. ಛೇದ ಕೇಳಿದಿರಿ ಅಂತ ಯಾರಾದರೂ ಮುಖ ಗಂಟು ಹಾಕಿದರೆ ಇದನ್ನು ತೋರಿಸಿ.

ಇಎಂಐ ಅಂದರೆ ಇನ್ನೊಂದು ಸಲ ಯೋಚಿಸಿ. ‘ತಿಂಗಳಿಗೆ ಇಷ್ಟೇ’ ಅಂತ ಟ್ಯಾಬ್ ಮುಂದೆ ಹಿಡಿದು ಸಹಿ ಹಾಕಿಸಿಕೊಳ್ಳುತ್ತಾರೆ. ಎಷ್ಟೋ ಸಲ ಅದು ಫೀಸಿನ ಕಂತಲ್ಲ, ಹಣಕಾಸು ಕಂಪನಿಯೊಂದರ ಸಾಲ. ಕ್ಲಾಸು ನಿಂತರೂ ಕಂತು ನಿಲ್ಲುವುದಿಲ್ಲ. ಡಿಜಿಟಲ್ ಸಾಲ ಬೇಡ ಅನ್ನಿಸಿದರೆ ಹಿಂದೆ ಸರಿಯಲು ಕೆಲವು ದಿನ ಕೊಡಬೇಕು ಅಂತ ಆರ್‌ಬಿಐ ನಿಯಮವಿದೆ. ಎಷ್ಟು ದಿನ ಅನ್ನುವುದು ಸಾಲದ ಮುಖ್ಯ ವಿವರಗಳ ಹಾಳೆ, ಅಂದರೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್‌ನಲ್ಲಿ ಇರುತ್ತದೆ. ಇನ್ನು, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರ ಕೈಗೂ ಒಪ್ಪಿಸಬೇಡಿ. ಕಾಲೇಜುಗಳು ಅದನ್ನು ಇಟ್ಟುಕೊಳ್ಳುವಂತಿಲ್ಲ ಅಂತ ಯುಜಿಸಿಯೇ ಹೇಳಿದೆ.

ಹೆಜ್ಜೆ 5: ಮೋಸ ಆಯಿತು ಅಂದರೆ

ಮೊದಲು ಸಾಕ್ಷಿ. ಹೋರ್ಡಿಂಗ್‌ನ ಫೋಟೊ, ಇನ್‌ಸ್ಟಾಗ್ರಾಂ ಜಾಹೀರಾತಿನ ಸ್ಕ್ರೀನ್‌ಶಾಟ್, ವಾಟ್ಸ್‌ಆ್ಯಪ್ ಚಾಟ್, ರಸೀದಿ, ಬ್ರೋಷರ್. ಎಲ್ಲವೂ ಸೇರಿದ ದಿನದಿಂದಲೇ ಒಂದು ಫೋಲ್ಡರ್‌ನಲ್ಲಿ ಇರಲಿ. ಜಗಳ ಶುರುವಾದ ಮೇಲೆ ಹುಡುಕಿದರೆ ಪೋಸ್ಟ್ ಡಿಲೀಟ್ ಆಗಿರುತ್ತದೆ.

ಆಮೇಲೆ 1915ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಕೋರ್ಟಿಗೆ ಹೋಗುವ ಮೊದಲೇ ರಾಜಿಗೆ ಪ್ರಯತ್ನ ಮಾಡುತ್ತಾರೆ.

ಜಾಹೀರಾತೇ ಸುಳ್ಳು ಅನ್ನುವುದಾದರೆ ಎಎಸ್‌ಸಿಐಗೆ 77100 12345 ನಂಬರ್‌ಗೆ ವಾಟ್ಸ್‌ಆ್ಯಪ್ ಮಾಡಬಹುದು. ಜಾಹೀರಾತು ತಿದ್ದಿಸುತ್ತಾರೆ, ಇಲ್ಲವೇ ತೆಗೆಸುತ್ತಾರೆ, ಆದರೆ ದಂಡ ಹಾಕುವ ಅಧಿಕಾರ ಅವರಿಗಿಲ್ಲ. ಆ ಅಧಿಕಾರ ಇರುವುದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ: ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ದೂರು ಕೊಡಲು ದೆಹಲಿಗೆ ಹೋಗಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಇಂಥ ಜಾಹೀರಾತಿನ ಮೇಲೆ ನಿಮ್ಮ ಜಿಲ್ಲಾಧಿಕಾರಿಗೇ ಅರ್ಜಿ ಕೊಡಬಹುದು. ಡಿಸಿ ಆಫೀಸಿಗೆ ಜನ ಏನೇನಕ್ಕೋ ಹೋಗುತ್ತಾರೆ, ಇದಕ್ಕೆ ಹೋದವರನ್ನು ನಾನಂತೂ ನೋಡಿಲ್ಲ.

ಕೋಚಿಂಗ್ ಸೆಂಟರ್‌ಗಳಿಗೆ ಅಂತಲೇ ಈ ಪ್ರಾಧಿಕಾರ 2024ರ ನವೆಂಬರ್ 13ರಂದು ಬೇರೆ ಮಾರ್ಗಸೂಚಿ ತಂದಿತು. ಆಯ್ಕೆ ಗ್ಯಾರಂಟಿ, ಕೆಲಸ ಗ್ಯಾರಂಟಿಯಂಥ ಸುಳ್ಳು ಭರವಸೆ ಕೂಡದು. ಗೆದ್ದ ವಿದ್ಯಾರ್ಥಿಯ ಫೋಟೊ ಹಾಕಬೇಕಾದರೆ ಗೆದ್ದ ಮೇಲೆ ಅವರ ಒಪ್ಪಿಗೆ ಪಡೆಯಬೇಕು, ಯಾವ ಕೋರ್ಸ್ ತೆಗೆದುಕೊಂಡಿದ್ದರು ಅನ್ನುವುದನ್ನೂ ಹೇಳಬೇಕು.

ಫೀಸ್ ವಾಪಸ್ ಬೇಕಾದರೆ ಜಿಲ್ಲಾ ಗ್ರಾಹಕ ಆಯೋಗ. ನೀವು ಇರುವ ಊರಿನ ಜಿಲ್ಲೆಯಲ್ಲೇ ಹಾಕಬಹುದು. ಇನ್‌ಸ್ಟಿಟ್ಯೂಟ್ ಬೆಂಗಳೂರಿನದಾದರೂ ಹಾವೇರಿಯವರು ಹಾವೇರಿಯಲ್ಲೇ ಹಾಕಿ. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಅರ್ಜಿ ಶುಲ್ಕವಿಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ಆಗಿಯೂ ಸಲ್ಲಿಸಬಹುದು. ಗಡುವು ಎರಡು ವರ್ಷ.

ಇಲ್ಲೊಂದು ತೊಡಕಿದೆ, ಮುಚ್ಚಿಡುವುದಿಲ್ಲ. 2020ರ ಜನವರಿಯಲ್ಲಿ ಮನು ಸೋಲಂಕಿ ಪ್ರಕರಣದಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ, ಶಿಕ್ಷಣ ಸಂಸ್ಥೆಗಳು ಗ್ರಾಹಕ ಕಾಯ್ದೆಗೆ ಬರುವುದಿಲ್ಲ, ಕೋಚಿಂಗ್ ಸಂಸ್ಥೆಗಳು ಮಾತ್ರ ಬರುತ್ತವೆ ಅಂತ ಹೇಳಿತು. ವಿಷಯ ಸುಪ್ರೀಂ ಕೋರ್ಟ್‌ಗೆ ಹೋಗಿದೆ. ಹಾಗಾಗಿ ಡಿಗ್ರಿ ಕಾಲೇಜಿನ ಮೇಲೆ ಆಯೋಗಕ್ಕೆ ಹೋದರೆ, ಎದುರು ಪಕ್ಷದ ವಕೀಲರು ಮೊದಲ ದಿನವೇ ಈ ತೀರ್ಪನ್ನು ತೆಗೆಯುತ್ತಾರೆ ಅಂತ ತಿಳಿದಿರಿ. ಅಲ್ಲಿ ಯುಜಿಸಿಯ 2023ರ ಕುಂದುಕೊರತೆ ನಿಯಮ ಜಾಸ್ತಿ ಕೆಲಸಕ್ಕೆ ಬರುತ್ತದೆ. ಪ್ರಾಸ್ಪೆಕ್ಟಸ್‌ನಲ್ಲಿ ಸುಳ್ಳು ಹಾಕುವುದನ್ನೂ ಅದು ದೂರಿನ ಪಟ್ಟಿಯಲ್ಲಿ ಸೇರಿಸಿದೆ. ಮೊದಲು ಕಾಲೇಜಿನ ಕುಂದುಕೊರತೆ ಸಮಿತಿ, ಅಲ್ಲಿ ಆಗದಿದ್ದರೆ ಮೇಲ್ಮನವಿ ಕೇಳುವ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್. ಕೋರ್ಸೂ ಇಲ್ಲ, ಏನೂ ಇಲ್ಲ, ‘ಇಷ್ಟು ಡೆಪಾಸಿಟ್ ಇಡಿ, ಎಂಎನ್‌ಸಿಯಲ್ಲಿ ಕೆಲಸ ಕೊಡಿಸುತ್ತೇವೆ’ ಅಂದವರ ವಿಷಯಕ್ಕೆ ಮಾತ್ರ ಇದ್ಯಾವುದೂ ಬೇಡ, ನೇರ ಪೊಲೀಸ್ ಠಾಣೆಗೆ ಹೋಗಿ.

ನಮ್ಮ ಹುಡುಗನ ಇಮೇಲ್‌ಗೆ ಆ ಇನ್‌ಸ್ಟಿಟ್ಯೂಟ್‌ನಿಂದ ಉತ್ತರ ಬರಲಿಲ್ಲ. ಫೋನ್ ಮಾತ್ರ ದಿನಾ ಬರುತ್ತಿತ್ತು: “ಎರಡೇ ಸೀಟ್ ಉಳಿದಿದೆ ಸರ್.” ಮೂರು ವಾರ ಆದರೂ ಎರಡೇ ಉಳಿದಿತ್ತು. ಕೊನೆಗೆ ಅವನು ಮನೆಯ ಮೇಲ್ಮಹಡಿಯಲ್ಲಿ ನಡೆಯುವ ಚಿಕ್ಕ ಕ್ಲಾಸೊಂದಕ್ಕೆ ಸೇರಿದ. ಅಲ್ಲಿನ ಮೇಷ್ಟ್ರು, “30 ಜನ ಸೇರಿದ್ರು, 17 ಜನಕ್ಕೆ ಆಯ್ತು, ನಾಲ್ವರು ಫೋನೇ ಎತ್ತಲ್ಲ, ಮಿಕ್ಕವರು ಇನ್ನೂ ಹುಡುಕ್ತಿದ್ದಾರೆ” ಅಂದರಂತೆ. ಅದನ್ನೇ ರಸೀದಿಯ ಹಿಂದೆ ಬರೆಸಿ, ಸಹಿ ಹಾಕಿಸಿಕೊಂಡು ಬಂದಿದ್ದ.