ಎಲ್ಕ್ ಬೇಟೆಗೆ ತೋಟಾ ಆರಿಸುವುದು ಹೇಗೆ? ಮ್ಯಾಗ್ನಂ ಬಿಡಿ, ಗುಂಡು ನೋಡಿ

ಆಗಸ್ಟ್ ಮುಗಿಯುವ ಹೊತ್ತಿಗೆ ಕೊಲರಾಡೊದ ಯಾವ ಶೂಟಿಂಗ್ ರೇಂಜ್‌ಗೆ ಹೋದರೂ ಈ ಜೋಡಿ ಕಣ್ಣಿಗೆ ಬೀಳುತ್ತದೆ: ಹೊಚ್ಚ ಹೊಸ ಮ್ಯಾಗ್ನಂ ರೈಫಲ್ (ಹೆಚ್ಚು ಮದ್ದಿನ, ಜೋರಾದ ತೋಟಾ ಹಾರಿಸುವಂಥದ್ದು), ಪಕ್ಕದಲ್ಲಿ ಅಂಗಡಿಯಲ್ಲಿ ಸಿಕ್ಕ ಅತಿ ಅಗ್ಗದ ತೋಟಾ ಡಬ್ಬಿ. ದುಡ್ಡೆಲ್ಲ ತಪ್ಪು ಕಡೆ ಹೋಗಿರುತ್ತದೆ. ಕೊನೆಗೆ ಎಲ್ಕ್ ಎಂಬ ಆ ದೊಡ್ಡ ಜಿಂಕೆಯ ಮೈ ಮುಟ್ಟುವುದು ತೋಟಾದ ತುದಿಯಲ್ಲಿರುವ ಹತ್ತು ಹನ್ನೊಂದು ಗ್ರಾಂ ತೂಕದ ಗುಂಡೊಂದೇ. ಅದರ ಬಗ್ಗೆ ಯೋಚನೆ ಮಾಡುವವರೇ ಕಡಿಮೆ.

ಇದು ಅಮೆರಿಕದ ರಾಕಿ ಪರ್ವತಗಳ ಕಡೆ ನೆಲೆಸಿ, ಲೈಸೆನ್ಸ್ ತೆಗೆದುಕೊಂಡು, ಮಾಂಸಕ್ಕಾಗಿ ಬೇಟೆಗೆ ಹೊರಟ ಕನ್ನಡಿಗರಿಗೆ ಬರೆದದ್ದು. ಊರಿನಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ, ಗೊತ್ತೇ ಇದೆ. ಎಚ್-1ಬಿಯಂಥ ವೀಸಾದಲ್ಲಿ ಇರುವವರಿಗೆ ಇನ್ನೊಂದು ಮಾತು. ಅಂಥವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ತಡೆಯುತ್ತದೆ. ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಆದ್ದರಿಂದ ಲೈಸೆನ್ಸ್ ಮೊದಲು, ಅಂಗಡಿ ಆಮೇಲೆ.

ಹಂತ 1: ಪ್ರಾಣಿ ಎಷ್ಟು ದೊಡ್ಡದು, ನಿಯಮ ಏನು

ಬೆಳೆದ ಗಂಡು ಎಲ್ಕ್ ಸುಮಾರು 320 ಕೆಜಿ, ಹೆಣ್ಣು 225 ಕೆಜಿ. ನಮ್ಮ ಕಡವೆಯ ಬಳಗದ್ದೇ, ಆದರೆ ಅದಕ್ಕಿಂತ ದೊಡ್ಡದು. ಚರ್ಮ ದಪ್ಪ, ಭುಜದ ಮೂಳೆ ಗಟ್ಟಿ. ಕೊಲರಾಡೊ ನಿಯಮದ ಪ್ರಕಾರ ಕನಿಷ್ಠ 24 ಕ್ಯಾಲಿಬರ್, ಅಂದರೆ ಸುಮಾರು 6 ಮಿಮೀ ಅಗಲದ, ಕನಿಷ್ಠ 85 ಗ್ರೇನ್ ತೂಕದ, ತಾಗಿದಾಗ ಅರಳುವ ಗುಂಡು ಬೇಕು. ಒಂದು ಗ್ರಾಂ ಅಂದರೆ ಸುಮಾರು ಹದಿನೈದೂವರೆ ಗ್ರೇನ್. 100 ಗಜ ದೂರದಲ್ಲಿ ಗುಂಡಿಗೆ 1000 ಅಡಿ-ಪೌಂಡ್ ಶಕ್ತಿಯೂ ಉಳಿದಿರಬೇಕು. ಈ ಲೆಕ್ಕದಲ್ಲಿ 243 ವಿಂಚೆಸ್ಟರ್ ಎಂಬ ಸಣ್ಣ ತೋಟಾ ಕೂಡ ಪಾಸಾಗುತ್ತದೆ. ಪಾಸಾದರೂ ಅದನ್ನು ಜಿಂಕೆಗೇ ಇಟ್ಟುಕೊಳ್ಳಿ.

ಹಂತ 2: ತೋಟಾ ಆರಿಸಿ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ

1906ರ 30-06 ಸ್ಪ್ರಿಂಗ್‌ಫೀಲ್ಡ್, 1925ರ 270 ವಿಂಚೆಸ್ಟರ್, 1952ರ 308 ವಿಂಚೆಸ್ಟರ್, 1962ರ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಂ, 1963ರ 300 ವಿಂಚೆಸ್ಟರ್ ಮ್ಯಾಗ್ನಂ. ಈ ಐದರಲ್ಲಿ ಯಾವುದಾದರೂ ಸರಿ. ನನ್ನನ್ನು ಕೇಳಿದರೆ 30-06, ಇಲ್ಲಿನವರ ಬಾಯಲ್ಲಿ ‘ತರ್ಟಿ ಆಟ್ ಸಿಕ್ಸ್’. ತೋಟಾ ಡಬ್ಬಿ ಮನೆಯಲ್ಲೇ ಮರೆತುಬಂದರೂ ಬೆಟ್ಟದ ಪುಟ್ಟ ಊರಿನ ಅಂಗಡಿಯಲ್ಲಿ ಅದು ಸಿಗುವ ಸಾಧ್ಯತೆಯೇ ಹೆಚ್ಚು. ನಿನ್ನೆ ಮೊನ್ನೆ ಬಂದ ಫ್ಯಾಷನ್ ತೋಟಾಗಳಿಗೆ ಆ ಸುಖ ಇಲ್ಲ.

ಹಂತ 3: ಹೆಗಲು ಏನನ್ನುತ್ತದೆ ಕೇಳಿ

‘ಎಲ್ಕ್ ದೊಡ್ಡದು, ತೋಟಾನೂ ದೊಡ್ಡದೇ ಇರಲಿ’ ಅನ್ನುವುದು ಅಂಗಡಿಯವರ ಹಳೇ ರಾಗ. ನನ್ನ ಗೆಳೆಯರೊಬ್ಬರಿಗೆ ಹೀಗೇ ಹೇಳಿ 338 ಮ್ಯಾಗ್ನಂ ಕಟ್ಟಿಕೊಟ್ಟರು. ಅವರು ಅದಕ್ಕೂ ಮೊದಲು ರೈಫಲ್ ಮುಟ್ಟಿದವರೇ ಅಲ್ಲ. ಎರಡನೇ ಗುಂಡಿಗೇ ರೈಫಲ್ ಮೇಲಿನ ದುರ್ಬೀನಿನ, ಅಂದರೆ ಸ್ಕೋಪಿನ, ಅಂಚು ಹುಬ್ಬಿಗೆ ಬಡಿದು ರಕ್ತ ಬಂತು. ಆಮೇಲೆ ಪ್ರತಿ ಸಲ ಕಣ್ಣು ಮುಚ್ಚಿಯೇ ಟ್ರಿಗರ್ ಎಳೆಯುತ್ತಿದ್ದರು.

ಈ ಬೆಚ್ಚುವ ಚಾಳಿ ನಿಮಗೂ ಇದೆಯಾ ಅಂತ ನೋಡಲು ಸುಲಭದ ದಾರಿ ಇದೆ. ಗೆಳೆಯರೊಬ್ಬರ ಕೈಗೆ ರೈಫಲ್ ಕೊಟ್ಟು, ನಿಮಗೆ ಕಾಣದ ಹಾಗೆ ಕೆಲವು ಸಲ ನಿಜವಾದ ತೋಟಾ, ಕೆಲವು ಸಲ ಡಮ್ಮಿ ತೋಟಾ ತುಂಬಲು ಹೇಳಿ. ಡಮ್ಮಿ ಬಂದಾಗ ಸದ್ದಿಲ್ಲ, ಒದೆತವಿಲ್ಲ. ಆಗ ನಳಿಗೆಯ ತುದಿ ನೋಡಬೇಕು. ಬೆಚ್ಚುವವರ ಕೈಯಲ್ಲಿ ಅದು ಗಕ್ಕನೆ ಕೆಳಗೆ ಬಗ್ಗುತ್ತದೆ. ಅಷ್ಟು ಬಗ್ಗಿದರೆ 200 ಗಜದಲ್ಲಿ ಗುಂಡು ಎದೆಗೆ ಹೋಗುವುದಿಲ್ಲ, ಕಾಲಿಗೆ ಹೋಗುತ್ತದೆ.

ನಳಿಗೆ ಬಗ್ಗುತ್ತಿದ್ದರೆ ಮುಲಾಜಿಲ್ಲದೆ ಕೆಳಗಿನ ತೋಟಾಕ್ಕೆ ಇಳಿಯಿರಿ. 308 ಅಥವಾ 7 ಎಂಎಂ-08 ಸಾಕು. ನಳಿಗೆಯ ತುದಿಗೆ ಮಝಲ್ ಬ್ರೇಕ್ (ಅನಿಲವನ್ನು ಪಕ್ಕಕ್ಕೆ ಬಿಡುವ ತೂತುಗಳ ತುಂಡು) ಹಾಕಿಸಿ ಅನ್ನುವವರೂ ಇದ್ದಾರೆ. ಒದೆತ ಕಡಿಮೆಯಾಗುತ್ತದೆ, ನಿಜ. ಆದರೆ ಸದ್ದು ಕಿವಿಗೆ ರಾಚುತ್ತದೆ, ಕಾಡಿನಲ್ಲಿ ಇಯರ್‌ಮಫ್ ಹಾಕಿಕೊಳ್ಳಲು ಪುರುಸೊತ್ತೂ ಇರುವುದಿಲ್ಲ. ನನಗಂತೂ ಬೇಡ.

ಹಂತ 4: ಗುಂಡು. ಎಲ್ಲರೂ ಎಡವುವುದು ಇಲ್ಲೇ

ಗುಂಡಿಗೆ ಎರಡು ಕೆಲಸ. ತಾಗಿದ ಕೂಡಲೇ ಅಣಬೆಯ ಹಾಗೆ ಅರಳಬೇಕು. ಅರಳಿದ ಮೇಲೂ ಚೂರಾಗದೆ ಎರಡೂ ಶ್ವಾಸಕೋಶ ದಾಟಬೇಕು. ತೊಂದರೆ ಏನೆಂದರೆ, ಈ ಎರಡಕ್ಕೂ ಒಂದಕ್ಕೊಂದು ಆಗಿಬರುವುದಿಲ್ಲ. ಮೆದು ಗುಂಡು ಚೆನ್ನಾಗಿ ಅರಳುತ್ತದೆ, ಬೇಗ ಒಡೆಯುತ್ತದೆ. ಗಟ್ಟಿ ಗುಂಡು ಆಳಕ್ಕೆ ಇಳಿಯುತ್ತದೆ, ಆದರೆ ವೇಗ ತಗ್ಗಿದ್ದರೆ ಅರಳುವುದೇ ಇಲ್ಲ, ಸೂಜಿಯಷ್ಟು ತೂತು ಮಾಡಿ ಆಚೆ ಹೋಗುತ್ತದೆ. ಎಲ್ಕ್ ಮೈಲಿಗಟ್ಟಲೆ ಓಡಿ ಎಲ್ಲೋ ಸಾಯುತ್ತದೆ.

ಸಾಮಾನ್ಯ ಗುಂಡಿನಲ್ಲಿ ಒಳಗೆ ಸೀಸದ ತಿರುಳು, ಹೊರಗೆ ತಾಮ್ರದ ಕವಚ. ರೆಮಿಂಗ್ಟನ್ ಕೋರ್-ಲಾಕ್ಟ್, ವಿಂಚೆಸ್ಟರ್ ಪವರ್-ಪಾಯಿಂಟ್ ಈ ಜಾತಿಯವು. ಬೆಲೆ ಕಡಿಮೆ ಅಂತ ಮೂಗು ಮುರಿಯಬೇಡಿ. 30-06ರಲ್ಲಿ 180 ಗ್ರೇನ್ ಹಾಕಿ, 200 ಗಜದ ಒಳಗೆ, ಅಡ್ಡಕ್ಕೆ ನಿಂತ ಪ್ರಾಣಿಯ ಪಕ್ಕೆಗೆ ಹೊಡೆದರೆ ಕೆಲಸ ಮಾಡುತ್ತದೆ. ಅದೇ ಗುಂಡನ್ನು ಮ್ಯಾಗ್ನಂ ವೇಗದಲ್ಲಿ 50 ಗಜದಿಂದ ಭುಜದ ಮೂಳೆಗೆ ಹೊಡೆದರೆ ಕವಚ ಒಂದು ಕಡೆ, ಸೀಸ ಒಂದು ಕಡೆ ಆಗಬಹುದು.

ಈ ಕಾಟ ಹೊಸದೇನಲ್ಲ. 1946ರಲ್ಲಿ ಜಾನ್ ನಾಸ್ಲರ್ ಎಂಬಾತ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ (ಎಲ್ಕ್‌ಗಿಂತಲೂ ದೊಡ್ಡ ಜಿಂಕೆ) ಬೇಟೆಗೆ ಹೋಗಿದ್ದಾಗ, ಅವರ ಗುಂಡುಗಳು ಕೆಸರು ಮೆತ್ತಿದ ಮೈಮೇಲೇ ಒಡೆದು ಒಳಗೆ ಇಳಿಯಲಿಲ್ಲ. ಊರಿಗೆ ಬಂದವರು ಗುಂಡಿನ ಮಧ್ಯೆ ತಾಮ್ರದ ಅಡ್ಡಗೋಡೆ ಇಟ್ಟರು. ಗೋಡೆಯ ಮುಂದಿನ ಸೀಸ ಅರಳುತ್ತದೆ, ಹಿಂದಿನದು ಗಟ್ಟಿಯಾಗಿ ಉಳಿದು ಮುಂದೆ ನುಗ್ಗುತ್ತದೆ. ಇದೇ ಪಾರ್ಟಿಷನ್ ಗುಂಡು. 1948ರಿಂದ ಮಾರಾಟದಲ್ಲಿದೆ, ಇವತ್ತಿಗೂ ಎಲ್ಕ್‌ಗೆ ಕಣ್ಣು ಮುಚ್ಚಿ ಕೊಳ್ಳಬಹುದು.

ಇನ್ನೊಂದು ಜಾತಿ ಬಾಂಡೆಡ್. ಇಲ್ಲಿ ಸೀಸ ಮತ್ತು ಕವಚವನ್ನು ಬಿಡದ ಹಾಗೆ ಬೆಸೆದಿರುತ್ತಾರೆ. ನಾಸ್ಲರ್ ಅಕ್ಯುಬಾಂಡ್, ಫೆಡರಲ್ ಟ್ರೋಫಿ ಬಾಂಡೆಡ್ ಟಿಪ್ ಇಂಥವು. ಮ್ಯಾಗ್ನಂ ಇಟ್ಟುಕೊಂಡವರು ಇದಕ್ಕಿಂತ ಕೆಳಗೆ ಇಳಿಯಲೇಬಾರದು.

ನನ್ನ ಆಯ್ಕೆ ಮಾತ್ರ ಪೂರ್ತಿ ತಾಮ್ರದ ಗುಂಡು, ಬಾರ್ನ್ಸ್ ಟಿಟಿಎಸ್ಎಕ್ಸ್ ಥರದ್ದು. ಒಳಗೆ ಸೀಸವೇ ಇಲ್ಲ. ತಾಗಿದಾಗ ತುದಿ ದಳದಳವಾಗಿ ಬಿಚ್ಚಿಕೊಳ್ಳುತ್ತದೆ, ತೂಕ ಹೆಚ್ಚುಕಡಿಮೆ ಅಷ್ಟೂ ಉಳಿಯುತ್ತದೆ. ಸೀಸದ ಗುಂಡು ಬಿಡುವ ಸಣ್ಣ ಚೂರುಗಳು ಗಾಯದ ಸುತ್ತಲಿನ ಮಾಂಸದಲ್ಲಿ ಹರಡಿಕೊಳ್ಳುತ್ತವೆ, ಕಣ್ಣಿಗೆ ಕಾಣುವುದೂ ಇಲ್ಲ. ಮನೆಯಲ್ಲಿ ಮಕ್ಕಳು ಆ ಮಾಂಸ ತಿನ್ನುತ್ತಾರೆ ಅಂದರೆ ತಾಮ್ರವನ್ನೇ ಕೊಳ್ಳಿ, ಇದರಲ್ಲಿ ಚೌಕಾಸಿ ಬೇಡ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡು ನಿಷೇಧ. ಬೇಟೆಯ ಅಳಿದುಳಿದದ್ದನ್ನು ತಿನ್ನುವ ಕಾಂಡೋರ್ ರಣಹದ್ದುಗಳು ಸೀಸದ ವಿಷಕ್ಕೆ ಸಾಯುತ್ತಿದ್ದುದು ಅದಕ್ಕೊಂದು ದೊಡ್ಡ ಕಾರಣ.

ತಾಮ್ರ ಸೀಸಕ್ಕಿಂತ ಹಗುರ. ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಹಾಗಾಗಿ ತೂಕದಲ್ಲಿ ಒಂದು ಮೆಟ್ಟಿಲು ಇಳಿಯಿರಿ. 30-06ಕ್ಕೆ ಸೀಸದಲ್ಲಿ 180 ಗ್ರೇನ್ ಹಾಕುವವರು ತಾಮ್ರದಲ್ಲಿ 165 ಅಥವಾ 168 ಹಾಕಿದರೆ ವೇಗವೂ ಸಿಗುತ್ತದೆ. ತಾಮ್ರ ಅರಳಲು ಆ ವೇಗ ಬೇಕೇ ಬೇಕು.

ಡಬ್ಬಿಯ ಮೇಲೆ ‘ಮ್ಯಾಚ್’, ‘ಟಾರ್ಗೆಟ್’, ‘ವಾರ್ಮಿಂಟ್’ ಅಂತ ಇದ್ದರೆ ವಾಪಸ್ ಶೆಲ್ಫಿನಲ್ಲಿಡಿ, ಅವು ಗುರಿ ಸ್ಪರ್ಧೆಗೋ ಸಣ್ಣ ಪ್ರಾಣಿಗೋ ಮಾಡಿದವು. ‘ಎಫ್‌ಎಂಜೆ’, ಅಂದರೆ ತುದಿಯೂ ಕವಚದಿಂದ ಮುಚ್ಚಿದ ಗುಂಡು, ಅರಳುವುದೇ ಇಲ್ಲ, ಹಾಗಾಗಿ ಎಲ್ಕ್‌ಗೆ ಕಾನೂನುಬಾಹಿರ. ತುದಿಯ ಬಣ್ಣ ನೋಡಿ ಕೊಳ್ಳುವವರಿಗಂತೂ ಕೈಮುಗಿಯಬೇಕು. ಹಾರ್ನಡಿಯ ವಿ-ಮ್ಯಾಕ್ಸ್ ಗುಂಡಿಗೂ ಕೆಂಪು ಪ್ಲಾಸ್ಟಿಕ್ ತುದಿ, ಅದೇ ಕಂಪನಿಯ ಇಎಲ್‌ಡಿ-ಎಕ್ಸ್‌ಗೂ ಕೆಂಪೇ. ಎರಡನೆಯದು ದೊಡ್ಡ ಪ್ರಾಣಿಗೆ ಮಾಡಿದ್ದು. ಮೊದಲನೆಯದು ಪ್ರೇರಿ ಡಾಗ್‌ನಂಥ ಸಣ್ಣ ಜೀವಿಗೆ ಮಾಡಿದ್ದು, ತಾಗಿದ ಕೂಡಲೇ ಪುಡಿಪುಡಿ.

ಹಂತ 5: ಎಷ್ಟು ದೂರ?

ಇಲ್ಲಿನ ಬೇಟೆಗಾರರು ಎಲ್ಕ್‌ಗೆ 1500 ಅಡಿ-ಪೌಂಡ್ ಶಕ್ತಿ ಬೇಕು ಅನ್ನುತ್ತಾರೆ. ಅದು ರೂಢಿ, ಕಾನೂನಲ್ಲ. 2007ರಲ್ಲಿ ಬಂದ, ಈಗ ಎಲ್ಲರ ಬಾಯಲ್ಲೂ ಇರುವ 6.5 ಕ್ರೀಡ್‌ಮೂರ್ ತೋಟಾದ 143 ಗ್ರೇನ್ ಗುಂಡು 300 ಗಜದವರೆಗೆ ಆ ಗೆರೆಯ ಮೇಲಿರುತ್ತದೆ, 400ಕ್ಕೆ ಕೆಳಗೆ ಬೀಳುತ್ತದೆ. ಆದರೆ ನಾನು ಶಕ್ತಿಗಿಂತ ವೇಗ ನೋಡುತ್ತೇನೆ. ಗುಂಡು ಅರಳಲು ಕನಿಷ್ಠ ಎಷ್ಟು ವೇಗ ಬೇಕು ಅಂತ ತಯಾರಕರು ಹೇಳಿರುತ್ತಾರೆ. ಸೀಸದ ಹಲವು ಗುಂಡುಗಳಿಗೆ ಸೆಕೆಂಡಿಗೆ 1800 ಅಡಿ ಸಾಕು. ತಾಮ್ರಕ್ಕೆ 2000ದ ಕೆಳಗೆ ನಾನು ಇಳಿಯುವುದಿಲ್ಲ.

ಡಬ್ಬಿಯ ಮೇಲಿನ ವೇಗ ಸಾಮಾನ್ಯವಾಗಿ 24 ಇಂಚಿನ ಪರೀಕ್ಷಾ ನಳಿಗೆಯದ್ದು. ನಿಮ್ಮದು 20 ಇಂಚಿನ ಗಿಡ್ಡ ನಳಿಗೆಯಾದರೆ ಅಷ್ಟು ಬರುವುದಿಲ್ಲ. ಮೊದಲ ಎರಡು ಸೀಸನ್ 300 ಗಜ ದಾಟಿ ಹೊಡೆಯಲೇಬೇಡಿ. 600 ಗಜದ ವಿಡಿಯೋಗಳಲ್ಲಿ ತಪ್ಪಿದ ಗುಂಡುಗಳನ್ನು ತೋರಿಸುತ್ತಾರಾ?

ಹಂತ 6: ಜೀರೋ ಮಾಡಿ, ಹೊರಡಿ

ಒಂದೊಂದು ನಳಿಗೆಗೆ ಒಂದೊಂದು ತೋಟಾ ಹಿಡಿಸುತ್ತದೆ. ಎರಡು ಮೂರು ಬ್ರ್ಯಾಂಡ್ ತಂದು, ಮೂರು ಮೂರು ಗುಂಡು ಹೊಡೆದು, ಗುಂಪು ಚಿಕ್ಕದಾಗಿ ಬಂದದ್ದನ್ನೇ ಒಂದೇ ಲಾಟ್ ನಂಬರಿನಲ್ಲಿ, ಅಂದರೆ ಒಂದೇ ಸಲ ತಯಾರಾದ ಡಬ್ಬಿಗಳನ್ನು, ಕೊಳ್ಳಿ. 200 ಗಜಕ್ಕೆ ಜೀರೋ ಮಾಡಿ, ಅಂದರೆ ಆ ದೂರದಲ್ಲಿ ಗುರಿಯಿಟ್ಟ ಜಾಗಕ್ಕೇ ಗುಂಡು ಬೀಳುವ ಹಾಗೆ ಸ್ಕೋಪ್ ಹೊಂದಿಸಿ. ಅಭ್ಯಾಸಕ್ಕೆ ಅಗ್ಗದ ತೋಟಾ ಬಳಸುವುದು ಒಳ್ಳೆಯ ಉಳಿತಾಯವೇ, ಆದರೆ ಅದರ ಗುಂಡು ಬೇರೆ ಜಾಗಕ್ಕೆ ಬೀಳುತ್ತದೆ. ಕೊನೆಯ ಜೀರೋ ಬೇಟೆಯ ಡಬ್ಬಿಯಿಂದಲೇ ಆಗಬೇಕು.

ಡಬ್ಬಿಯ ಮೇಲಿನ ಹೆಸರು ನಳಿಗೆಯ ಮೇಲೆ ಕೊರೆದ ಹೆಸರಿಗೆ ಅಕ್ಷರಶಃ ಹೊಂದಬೇಕು. 270 ವಿಂಚೆಸ್ಟರ್ ಬೇರೆ, 270 ವಿಂಚೆಸ್ಟರ್ ಶಾರ್ಟ್ ಮ್ಯಾಗ್ನಂ ಬೇರೆ. ತಪ್ಪು ತೋಟಾ ಹಾಕಿ ಹೊಡೆದರೆ ರೈಫಲ್ಲೇ ಒಡೆಯಬಹುದು. ಕಲ್ಲುದಾರಿಯಲ್ಲಿ ಪಿಕಪ್ ಕುಲುಕಿಕೊಂಡು ಹೋದ ಮೇಲೆ ಸ್ಕೋಪ್ ಅಲುಗಿರಬಹುದು. ಬೇಟೆಯ ಹಿಂದಿನ ದಿನ, ಗುಂಡು ಹೊಡೆಯಲು ಅನುಮತಿ ಇರುವ ಜಾಗದಲ್ಲಿ, ಹಿಂದೆ ಮಣ್ಣಿನ ದಿಬ್ಬ ನೋಡಿಕೊಂಡು 100 ಗಜಕ್ಕೆ ಒಂದು ಗುಂಡು ಹೊಡೆದು ನೋಡಿ. 200ಕ್ಕೆ ಜೀರೋ ಮಾಡಿದ ರೈಫಲ್ ಅಲ್ಲಿ ಒಂದೂವರೆ ಎರಡು ಇಂಚು ಮೇಲೆ ಬೀಳಬೇಕು.