ಒಂದೇ ದಿನ ಇದ್ದರೆ ಗದಗ–ಲಕ್ಕುಂಡಿ ನೋಡುವುದು ಹೇಗೆ

ಬೆಳಿಗ್ಗೆ ಬಂದು ಸಂಜೆ ಹೊರಡುವವರು ಪ್ರವಾಸಿಗರು. ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ‘ನಾವು ಟೂರಿಸ್ಟ್ ಅಲ್ಲ, ಟ್ರಾವೆಲರ್’ ಎಂದು ಹೇಳಿಕೊಳ್ಳುವವರು ಈಗ ಬಹಳ ಮಂದಿ. ಬೆನ್ನಿಗೆ ದೊಡ್ಡ ಬ್ಯಾಗು, ಕೊರಳಲ್ಲಿ ಕ್ಯಾಮೆರಾ ಇದ್ದರೂ ಗುಡಿಯ ಮುಂದೆ ನಿಲ್ಲುವುದು ಹತ್ತೇ ನಿಮಿಷವಾದರೆ ಹೆಸರು ಬದಲಿಸಿ ಪ್ರಯೋಜನವಿಲ್ಲ. ಒಂದು ಊರಿನ ಬದುಕು ಒಳಗಿನಿಂದ ತಿಳಿಯಬೇಕಾದರೆ ಅಲ್ಲಿ ಒಂದು ಬಿತ್ತನೆ, ಒಂದು ಸುಗ್ಗಿಯಾದರೂ ಕಳೆಯಬೇಕು. ಒಂದು ದಿನಕ್ಕೆ ಬಂದವರಿಗೆ ಅದು ದಕ್ಕುವುದಿಲ್ಲ. ಅವರಿಗೆ ದಕ್ಕುವುದು ಕಲ್ಲಿನ ಕೆಲಸ, ಒಂದು ಒಳ್ಳೆಯ ಊಟ, ಊರವರ ಜೊತೆ ನಾಲ್ಕು ಮಾತು. ಅಷ್ಟನ್ನಾದರೂ ಪೂರ್ತಿ ಪಡೆದುಕೊಂಡು ಹೋಗಬೇಕು.

ಮೊದಲು ಪಟ್ಟಿ ಕಡಿಮೆ ಮಾಡಿ

ಹುಬ್ಬಳ್ಳಿಯಿಂದ ಕಾರು ಮಾಡಿಕೊಂಡು ಹೊರಡುವವರು ಅಣ್ಣಿಗೇರಿಯ ಅಮೃತೇಶ್ವರ, ಗದಗಿನ ತ್ರಿಕೂಟೇಶ್ವರ, ವೀರನಾರಾಯಣ, ಲಕ್ಕುಂಡಿ, ಡಂಬಳ, ಕೊಪ್ಪಳ ಜಿಲ್ಲೆಯ ಇಟಗಿ ಎಲ್ಲವನ್ನೂ ಒಂದೇ ದಿನಕ್ಕೆ ತುರುಕುತ್ತಾರೆ. ಇದು ಕೆಡುವುದು ದೂರದಿಂದಷ್ಟೇ ಅಲ್ಲ. ಇವುಗಳಲ್ಲಿ ಹೆಚ್ಚಿನವು ಕಲ್ಯಾಣ ಚಾಲುಕ್ಯರ ಕಾಲದ ಕೆಲಸ. ಅವಸರದಲ್ಲಿ ನೋಡಿದರೆ ನಾಲ್ಕನೆಯ ಗುಡಿಯ ಹೊತ್ತಿಗೆ ಕಣ್ಣು ದಣಿದು, ಯಾವ ಬಾಗಿಲು ಯಾವ ಊರಿನದು ಎಂಬುದೇ ಕಲಸಿಹೋಗುತ್ತದೆ. ಒಂದು ದಿನಕ್ಕೆ ಬೆಳಿಗ್ಗೆ ಲಕ್ಕುಂಡಿ, ಸಂಜೆ ಗದಗ, ಇಷ್ಟೇ ಸಾಕು. ಉಳಿದದ್ದನ್ನು ಇನ್ನೊಂದು ಸಲಕ್ಕೆ ಬಿಡಿ.

ಹುಬ್ಬಳ್ಳಿಯಿಂದ ಗದಗಿಗೆ ಸುಮಾರು 60 ಕಿ.ಮೀ.; ಬಸ್ಸೂ ಉಂಟು, ರೈಲೂ ಉಂಟು. ಗದಗಿನಿಂದ ಲಕ್ಕುಂಡಿಗೆ 12 ಕಿ.ಮೀ. ಕೊಪ್ಪಳದ ಕಡೆ ಹೋಗುವ ಬಸ್ಸು ಹಿಡಿಯಬೇಕು. ಹತ್ತುವ ಮೊದಲು ‘ಲಕ್ಕುಂಡಿಗೆ ನಿಲ್ಲಸ್ತೀರೇನ್ರಿ?’ ಎಂದು ಕಂಡಕ್ಟರನ್ನು ಕೇಳಿ. ದೂರದ ವೇಗದೂತ ಬಸ್ಸು ನಿಲ್ಲದೆ ಹೋಗಬಹುದು. ಹೆಣ್ಣುಮಕ್ಕಳು ಕರ್ನಾಟಕದ ವಿಳಾಸವಿರುವ ಆಧಾರ್ ಇಟ್ಟುಕೊಂಡರೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ. ಜೊತೆಗೆ ತಲಾ ಎರಡು ಲೀಟರ್ ನೀರು, ಚಿಲ್ಲರೆ ಹಣ, ಒಂದು ಸಣ್ಣ ಟಾರ್ಚು, ಒಂದು ಜೊತೆ ದಪ್ಪ ಕಾಲುಚೀಲ ಇರಲಿ. ಚಪ್ಪಲಿ ಬಿಟ್ಟು ನಡೆಯಬೇಕಾದ ಕಡೆ ಮಾರ್ಚ್ ದಾಟಿದ ಮೇಲೆ ಹಾಸುಗಲ್ಲು ಹೆಂಚಿನಂತೆ ಕಾಯುತ್ತದೆ. ಕಾಲು ಸುಟ್ಟರೆ ಯಾರೂ ಶಿಲ್ಪ ನೋಡುವುದಿಲ್ಲ, ನೆರಳು ಹುಡುಕುತ್ತಾರೆ.

ಲಕ್ಕುಂಡಿಯಲ್ಲಿ

ಎಂಟೂವರೆ ಒಳಗೆ ತಲುಪಿ. ಕೆತ್ತನೆಯ ಆಳ ತಿಳಿಯುವುದು ಬೆಳಕು ಓರೆಯಾಗಿ ಬಿದ್ದಾಗ ಮಾತ್ರ. ಹನ್ನೊಂದು ದಾಟಿದರೆ ಬಿಸಿಲು ನೆತ್ತಿಯ ಮೇಲಿಂದ ಬೀಳುತ್ತದೆ, ಗೋಡೆ ಚಪ್ಪಟೆಯಾಗಿ ಕಾಣುತ್ತದೆ.

ನೇರವಾಗಿ ಕಾಶಿವಿಶ್ವೇಶ್ವರಕ್ಕೆ ಹೋಗಿ. ಇಲ್ಲಿ ಎರಡು ಗುಡಿಗಳು ಎದುರುಬದುರಾಗಿವೆ: ದೊಡ್ಡದು ಪೂರ್ವಕ್ಕೆ ಮುಖ ಮಾಡಿದ ಶಿವನದು, ಚಿಕ್ಕದು ಪಶ್ಚಿಮಕ್ಕೆ ಮುಖ ಮಾಡಿದ ಸೂರ್ಯನದು. ಒಳಗೆ ಹೋಗುವ ಮೊದಲು ಫೋನನ್ನು ಚೀಲಕ್ಕೆ ಹಾಕಿ ಹೊರಗೋಡೆಯನ್ನು ಒಂದು ಸುತ್ತು ನೋಡಿ. ಗೋಡೆಗಂಬಗಳ ತಲೆಯ ಮೇಲೆ ಪುಟ್ಟ ಪುಟ್ಟ ಶಿಖರಗಳಿವೆ. ಎಲ್ಲವೂ ಒಂದೇ ಬಗೆಯವಲ್ಲ. ಕೆಲವು ನಮ್ಮ ಕಡೆಯ ದ್ರಾವಿಡ ಶೈಲಿಯ ಮೆಟ್ಟಿಲುಮೆಟ್ಟಿಲು ಶಿಖರ, ಕೆಲವು ಉತ್ತರದ ನಾಗರ ಶೈಲಿಯ, ಒಳಕ್ಕೆ ಬಾಗುತ್ತ ಏರುವ ಶಿಖರ. ಹನ್ನೊಂದನೆಯ ಶತಮಾನದ ಶಿಲ್ಪಿಗಳು ತಮಗೆ ಗೊತ್ತಿದ್ದ ಬೇರೆ ನಾಡಿನ ಗುಡಿಗಳನ್ನು ಗೇಣುದ್ದದಲ್ಲಿ ಈ ಗೋಡೆಯ ಮೇಲೆ ಇಳಿಸಿದ್ದಾರೆ. ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಲು ಬಂದರೆ, ಮುಂದೆ ನೋಡುವ ಪ್ರತಿಯೊಂದು ಚಾಲುಕ್ಯ ಗುಡಿಯೂ ಬೇರೆಯಾಗಿ ಕಾಣತೊಡಗುತ್ತದೆ.

ಎರಡನೆಯ ಸುತ್ತಿಗೆ ಶಿವಗುಡಿಯ ದಕ್ಷಿಣ ಬಾಗಿಲ ಮುಂದೆ ನಿಲ್ಲಿ. ಚೌಕಟ್ಟು ಒಂದೇ ಪಟ್ಟಿಯಲ್ಲ, ಒಂದರ ಪಕ್ಕ ಒಂದರಂತೆ ಹಲವು ಪಟ್ಟಿಗಳು. ಕೆಳಗಿನಿಂದ ಒಂದೇ ಪಟ್ಟಿಯನ್ನು ಹಿಡಿದು ಕಣ್ಣನ್ನು ಮೇಲಕ್ಕೆ ಒಯ್ಯಿರಿ, ಮೇಲೆ ತಿರುಗಿ ಇನ್ನೊಂದು ಬದಿಗೆ ಇಳಿಯಿರಿ. ಆಮೇಲೆ ಪಕ್ಕದ ಪಟ್ಟಿ. ಹೀಗೆ ನೋಡಲು ಕಾಲು ಗಂಟೆ ಬೇಕು. ಇಡೀ ಬಾಗಿಲನ್ನು ಒಮ್ಮೆಗೇ ನೋಡಲು ಹೊರಟರೆ ‘ಎಷ್ಟು ಸೂಕ್ಷ್ಮ ಕೆತ್ತನೆ’ ಎಂಬ ಉದ್ಗಾರದ ಆಚೆ ಏನೂ ಉಳಿಯುವುದಿಲ್ಲ. ಇಷ್ಟು ಸಣ್ಣ ಕೆಲಸ ಸಾಧ್ಯವಾದದ್ದು ಕಲ್ಲಿನಿಂದ. ಬಾದಾಮಿ ಕಡೆಯದು ಮರಳುಗಲ್ಲು. ಇಲ್ಲಿಯದು ಬಳಪದ ಕಲ್ಲಿನ ಜಾತಿ, ಗಣಿಯಿಂದ ತೆಗೆದಾಗ ಮೆತ್ತಗಿದ್ದು ಉಳಿಗೆ ಬಗ್ಗುತ್ತದೆ. ಒಳಗಿನ ಕಂಬಗಳನ್ನೂ ಗಮನಿಸಿ: ಬಳೆ ಜೋಡಿಸಿದಂತೆ ಕಾಣುವ ಆ ದುಂಡು ಗೆರೆಗಳು ಕಂಬವನ್ನು ತಿರುಗಿಸುತ್ತ ಕಡೆದದ್ದರಿಂದ ಬಂದವು. ಒಳಗೆ ಕತ್ತಲು, ಟಾರ್ಚನ್ನು ಶಿಲ್ಪದ ನೇರಕ್ಕೆ ಹಿಡಿಯದೆ ಪಕ್ಕದಿಂದ ಹಿಡಿದರೆ ನೆರಳು ಬಿದ್ದು ಆಕಾರ ಎದ್ದು ಬರುತ್ತದೆ.

ಮುಂದಿನದು ಬ್ರಹ್ಮ ಜಿನಾಲಯ. 1007ರಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ್ದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಾಕೆ ಈಕೆಯೇ, ರನ್ನನಿಗೆ ಆಶ್ರಯ ಕೊಟ್ಟಾಕೆಯೂ ಈಕೆಯೇ. ಕನ್ನಡ ಓದುವವರು ಇಲ್ಲಿ ಸ್ವಲ್ಪ ಹೊತ್ತು ಕೂತು ಹೋಗಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಒಳಗಿನ ನಾಲ್ಕು ಮುಖದ ಬ್ರಹ್ಮನ ಮೂರ್ತಿಯನ್ನು ತಪ್ಪದೆ ನೋಡಿ.

ಮಾಣಿಕೇಶ್ವರ ಗುಡಿಗೆ ಅಂಟಿಕೊಂಡಿರುವ ಮುಸುಕಿನ ಬಾವಿ ಕೊನೆಗಿರಲಿ. ಮೆಟ್ಟಿಲುಗಳ ನಡುನಡುವೆ ಚಿಕ್ಕ ಗೂಡುಗಳಿವೆ. ಮಳೆಗಾಲದಲ್ಲಿ ಪಾಚಿ ಕಟ್ಟಿರುತ್ತದೆ; ಕೆಳಗಿನ ಮೆಟ್ಟಿಲಿಗೆ ಇಳಿಯಬೇಡಿ. ವಸ್ತುಸಂಗ್ರಹಾಲಯ ನೋಡುವವರು ಶುಕ್ರವಾರ ಬರಬೇಡಿ, ಪುರಾತತ್ವ ಇಲಾಖೆಯ ಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಅಂದು ರಜೆ. ಟ್ರೈಪಾಡ್, ಡ್ರೋನ್‌ಗಳಿಗೆ ಮೊದಲೇ ಅನುಮತಿ ಬೇಕು. ಶಿಲ್ಪಕ್ಕೆ ಎಣ್ಣೆ, ಕುಂಕುಮ ಹಚ್ಚಬೇಡಿ: ಎಣ್ಣೆಗೆ ಧೂಳು ಮೆತ್ತಿ ಗಟ್ಟಿಯಾಗುತ್ತದೆ, ಅದನ್ನು ತೆಗೆಯಲು ಉಜ್ಜಿದಾಗ ಗೆರೆಗಳು ಸವೆಯುತ್ತವೆ.

ಲಕ್ಕುಂಡಿಯ ಗುಡಿಗಳು ಮನೆಗಳ ನಡುವೆಯೇ ಇವೆ. ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿರುವವರು ನೋಟದ ಭಾಗವಲ್ಲ, ಅದು ಅವರ ಮನೆಯಂಗಳ. ‘ಅಕ್ಕಾರ, ಫೋಟೋ ತಗೋಬಹುದೇನ್ರಿ?’ ಎಂದು ಕೇಳಿ, ಬೇಡವೆಂದರೆ ಬಿಡಿ. ಹೊಸಬರು ಎಂದು ತೋರಿಸಿಕೊಳ್ಳುವುದೇ ಒಳ್ಳೆಯದು. ಎಲ್ಲ ಗೊತ್ತಿದ್ದವರಂತೆ ತಿರುಗಾಡಿದರೆ ಯಾರೂ ಮಾತಾಡಿಸುವುದಿಲ್ಲ; ‘ಅಜ್ಜಾರ, ನಾವು ಇದೇ ಮೊದಲ ಸಲ ಬಂದೀವ್ರಿ, ಕನ್ನೆ ಬಾವಿ ಯಾವ ಕಡೆ ಐತ್ರಿ?’ ಎಂದರೆ ಅಜ್ಜ ದಾರಿಯನ್ನಷ್ಟೇ ಹೇಳಿ ಸುಮ್ಮನಾಗುವುದು ಅಪರೂಪ.

ಊಟ, ಆಮೇಲೆ ಗದಗ

ಊಟಕ್ಕೆ ಗದಗಿಗೆ ಮರಳಿ, ಖಾನಾವಳಿ ಹುಡುಕಿ. ಬಿಸಿ ರೊಟ್ಟಿಯೋ ಖಡಕ್ ರೊಟ್ಟಿಯೋ ಎಂದು ಕೇಳುತ್ತಾರೆ. ಹೊಸಬರಿಗೆ ಬಿಸಿಯದೇ ಸುಲಭ. ತಟ್ಟೆಯ ಅಂಚಿನಲ್ಲಿ ಬರುವ ಹಸಿ ಹಕ್ಕರಕಿ ಸೊಪ್ಪು, ಮೆಂತೆ, ಉಳ್ಳಾಗಡ್ಡಿಯನ್ನು ಅಲಂಕಾರವೆಂದು ಬಿಡಬೇಡಿ. ಎಣ್ಣೆಗಾಯಿಯ ಖಾರಕ್ಕೂ ಎಣ್ಣೆಗೂ ಅದೇ ಜೋಡಿ. ಶೇಂಗಾ ಚಟ್ನಿಪುಡಿಯನ್ನು ಒಣಗಿದ್ದಂತೆಯೇ ಬಾಯಿಗೆ ಹಾಕಿದರೆ ನೆತ್ತಿಗೇರುತ್ತದೆ, ಗಟ್ಟಿ ಮೊಸರಿನಲ್ಲಿ ಕಲಸಿಕೊಳ್ಳಿ. ಸಂಜೆಗೆ ಗಿರಮಿಟ್ ತಿನ್ನುವವರು ಕಟ್ಟಿಸಿಕೊಂಡು ಹೋಗಬೇಡಿ. ಹತ್ತು ನಿಮಿಷದಲ್ಲಿ ಚುರುಮುರಿ ಗೊಜ್ಜು ಹೀರಿ ಮೆತ್ತಗಾಗುತ್ತದೆ.

ಪೂಜೆ ನಡೆಯುವ ಗುಡಿಗಳು ಮಧ್ಯಾಹ್ನ ಬಾಗಿಲು ಹಾಕುವುದು ರೂಢಿ, ಹಾಗಾಗಿ ನಾಲ್ಕೂವರೆ ಮೇಲೆ ಹೊರಡಿ. ತ್ರಿಕೂಟೇಶ್ವರದಲ್ಲಿ ಒಂದೇ ಪೀಠದ ಮೇಲೆ ಮೂರು ಲಿಂಗಗಳಿವೆ. ಅದೇ ಆವರಣದ ಸರಸ್ವತಿ ಗುಡಿಯ ಕಂಬಗಳನ್ನು ಬೆಳಿಗ್ಗೆ ನೋಡಿದವುಗಳ ಜೊತೆ ಹೋಲಿಸಿ. ವೀರನಾರಾಯಣದಲ್ಲಿ ಕುಮಾರವ್ಯಾಸ ಕೂತು ಭಾರತ ಬರೆದನೆಂದು ನಂಬುವ ಕಂಬವಿದೆ. ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗುವವರು ಒಂದು ಮಾತು ನೆನಪಿಡಿ: ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಬೆಳೆಸಿದ ಆ ಜಾಗ ಅಂಧ ಮಕ್ಕಳು ವಾಸವಿದ್ದು ಸಂಗೀತ ಕಲಿಯುವ ಶಾಲೆ. ಅಲ್ಲಿ ಯಾರಿಗೂ ‘ಒಂದು ಹಾಡು ಹೇಳಿ’ ಎನ್ನಬೇಡಿ, ಅಭ್ಯಾಸದ ವಿಡಿಯೋ ಮಾಡಬೇಡಿ.

ಎರಡನೆಯ ದಿನ ಸಿಕ್ಕರೆ

ಡಂಬಳದ ದೊಡ್ಡಬಸಪ್ಪ ಗುಡಿ ಗದಗಿನಿಂದ 20 ಕಿ.ಮೀ. ಚೂರು ಹೆಚ್ಚು. ಗರ್ಭಗುಡಿಯ ಹೊರಮೈಯ ನಕ್ಷೆ 24 ಮೂಲೆಗಳ ನಕ್ಷತ್ರ. ನಡೆಯುತ್ತ ಮೂಲೆ ಎಣಿಸಿದರೆ ಮಾತ್ರ ಅದು ಮನಸ್ಸಿಗೆ ಇಳಿಯುತ್ತದೆ. ನವೆಂಬರಿನಿಂದ ಫೆಬ್ರವರಿಯ ನಡುವೆ ಬಂದವರು ಡಂಬಳದ ಬದಲು ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹೋಗಬಹುದು, 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುನೆಲಗಳ ಪಟ್ಟಿಗೆ, ಸೇರಿದ ಕೆರೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿ ತಂಗುತ್ತವೆ. ಬೈನಾಕ್ಯುಲರ್ ಇಲ್ಲದೆ ಹೋದರೆ ದೂರದ ಚುಕ್ಕಿಗಳಷ್ಟೇ ಕಾಣುತ್ತವೆ, ಆಗ ಜನ ನೀರಿನ ಅಂಚಿಗೆ ಇಳಿದು ಹಿಂಡನ್ನು ಎಬ್ಬಿಸುತ್ತಾರೆ. ಸುಮ್ಮಸುಮ್ಮನೆ ಹಾರಿಸಿದಷ್ಟೂ ಹಕ್ಕಿಯ ಮೈಯ ಕೊಬ್ಬು ಕರಗುತ್ತದೆ. ವಾಪಸು ಹಿಮಾಲಯ ದಾಟಲು ಅದಕ್ಕೆ ಬೇಕಾದದ್ದು ಅದೇ ಕೊಬ್ಬು. ಏರಿಯ ಮೇಲೆಯೇ ನಿಲ್ಲಿ. ಹೆಬ್ಬಾತು ಮೇಯುತ್ತಿದ್ದರೂ ಶೇಂಗಾ, ಕಡಲೆ ಹೊಲಕ್ಕೆ ಕಾಲಿಡಬೇಡಿ: ಹಕ್ಕಿ ತಿಂದದ್ದನ್ನು ಸಹಿಸಿಕೊಂಡ ರೈತರು ನಿಮ್ಮ ಹೆಜ್ಜೆಯ ನಷ್ಟವನ್ನೂ ಹೊರಬೇಕಾಗಿಲ್ಲ.