ಗೆರೆ ಮುಟ್ಟುತ್ತದೆ, ದಾಟುವುದಿಲ್ಲ

ಅಕ್ಕನ ಮಗ ಅಮೆರಿಕದಲ್ಲಿ ಓದು ಮುಗಿಸಿ ಬರುವಾಗ ಗ್ರಾಫ್ ಬಿಡಿಸಿ ತೋರಿಸುವ ತನ್ನ ಹಳೆಯ ಟಿಐ-84 ಪ್ಲಸ್ ಕ್ಯಾಲ್ಕುಲೇಟರ್ ತಂದುಕೊಟ್ಟ. ನಾನು ಶಿರಸಿಯಲ್ಲಿ ಪಿಯು ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುವವ. ಗ್ರಾಫ್ ಬೇಕಾದರೆ ಮೊಬೈಲಿನಲ್ಲೇ ಬರುತ್ತದೆ ಅಲ್ವಾ, ಹಾಗಾಗಿ ಅದು ಒಂದು ವರ್ಷ ಕಪಾಟಿನಲ್ಲೇ ಕೂತಿತ್ತು. ಕಳೆದ ಮಳೆಗಾಲದಲ್ಲಿ ಎಲ್ಲೋ ಮರ ಬಿದ್ದು ಎರಡು ದಿನ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಪೇಟೆಯಿಂದ ರಿಮೋಟಿಗೆ ಹಾಕುವಂಥ ಸಣ್ಣ ಸೆಲ್ ನಾಲ್ಕು ತಂದು ಹಾಕಿದೆ.

ಫಂಕ್ಷನ್ನಿನ ಸೊನ್ನೆ, ಅಂದರೆ ಅದರ ಗೆರೆ ಎಕ್ಸ್ ಅಕ್ಷಕ್ಕೆ ತಾಗುವ ಜಾಗ, ಹುಡುಕುವ ವಿಧಾನ ಸುಲಭ. ವೈ= ಒತ್ತಿ ಫಂಕ್ಷನ್ ಬರೆಯಬೇಕು, ಗ್ರಾಫ್ ಒತ್ತಬೇಕು. ಆಮೇಲೆ ಸೆಕೆಂಡ್, ಟ್ರೇಸ್. ಬರುವ ಪಟ್ಟಿಯಲ್ಲಿ ಎರಡನೆಯದು ಝೀರೋ. ಸೊನ್ನೆಯ ಎಡಕ್ಕೊಂದು ಜಾಗ, ಬಲಕ್ಕೊಂದು ಜಾಗ ತೋರಿಸಿ, ನಡುವೆ ಒಂದು ಅಂದಾಜು ಕೊಟ್ಟರೆ ಮುಗಿಯಿತು. ಬಾಣದ ಕೀ ಒತ್ತುತ್ತಾ ಕೂರಬೇಕೆಂದೇನಿಲ್ಲ, ಸಂಖ್ಯೆಯನ್ನೇ ಟೈಪ್ ಮಾಡಬಹುದು. ಮೈನಸ್ ಸಂಖ್ಯೆಗೆ ಮಾತ್ರ ಕೆಳಗಿರುವ, ಕಂಸದೊಳಗಿನ ಮೈನಸ್ಸೇ ಬೇಕು. ಕಳೆಯುವ ಕೀ ಒತ್ತಿ ನಾನು ಅರ್ಧ ಗಂಟೆ ಬೈದುಕೊಂಡಿದ್ದೇನೆ.

ಸಿಕ್ಕಿಬಿದ್ದದ್ದು ಎಕ್ಸ್³ − 5ಎಕ್ಸ್² + 8ಎಕ್ಸ್ − 4 ಹಾಕಿದಾಗ. ಝೂಮ್ 6ರಲ್ಲಿ, ಅಂದರೆ −10ರಿಂದ 10ರವರೆಗಿನ ಕಿಟಕಿಯಲ್ಲಿ, ಗೆರೆ 1ರಿಂದ 2ರವರೆಗೆ ಅಕ್ಷದ ಮೇಲೆ ಅಂಗಾತ ಮಲಗಿದಂತೆ ಕಂಡಿತು. ನಿಜಕ್ಕೂ ಅಲ್ಲೊಂದು ಉಬ್ಬು ಇದೆ. ಎತ್ತರ ಬರೀ 0.148. ಆ ಪರದೆಯಲ್ಲಿ ಒಂದೊಂದು ಚುಕ್ಕಿಯೇ ಸುಮಾರು 0.32, ಮತ್ತೆ ಉಬ್ಬು ಕಾಣುವುದೆಲ್ಲಿಂದ? ಎಕ್ಸ್ ಅನ್ನು 0ಯಿಂದ 3, ವೈಯನ್ನು −1ರಿಂದ 1 ಮಾಡಿದ ಮೇಲೆ ಚಂದವಾಗಿ ಕಂಡಿತು: 1ರಲ್ಲಿ ಗೆರೆ ಅಕ್ಷ ದಾಟುತ್ತದೆ, 2ರಲ್ಲಿ ಸುಮ್ನೆ ಮುಟ್ಟಿ ವಾಪಸ್ ಮೇಲೆ ಹೋಗುತ್ತದೆ.

1 ತಕ್ಷಣ ಸಿಕ್ಕಿತು. 2ಕ್ಕೆ ಎಡ 1.5, ಬಲ 2.5 ಕೊಟ್ಟರೆ ಚಿಹ್ನೆ ಬದಲಾಗಿಲ್ಲ ಎಂದು ಎರರ್. ಯಂತ್ರದ ತಪ್ಪೇನಿಲ್ಲ, ಒಂದು ಕಡೆ ಪ್ಲಸ್ ಇನ್ನೊಂದು ಕಡೆ ಮೈನಸ್ ಇದ್ದರೆ ಮಾತ್ರ ಅದು ಹುಡುಕುತ್ತದೆ. ಇಲ್ಲಿ ಎರಡೂ ಕಡೆ ಪ್ಲಸ್ಸೇ. ಅದೇ ಪಟ್ಟಿಯ ಮೂರನೆಯ ಮಿನಿಮಮ್ ಬಳಸಿದೆ. 2ಕ್ಕೆ ಒಂದು ಕೂದಲೆಳೆ ಹತ್ತಿರದ ಎಕ್ಸ್, ಹೆಚ್ಚುಕಡಿಮೆ ಸೊನ್ನೆಯೇ ಆದ ವೈ ಬಂತು. ಸಾಕು.

ಗೆದ್ದ ಖುಷಿಯಲ್ಲಿ ತಲೆಯೆತ್ತಿ ನೋಡಿದರೆ ಎದುರು ಕೂತ ಹುಡುಗಿ ನೋಟ್‌ಬುಕ್ ನನ್ನ ಕಡೆ ತಿರುಗಿಸಿದಳು. ಅಪವರ್ತನ ಮಾಡಿ 1, 2, 2 ಎಂದು ಆಗಲೇ ಬರೆದಾಗಿತ್ತು. "ನೀವು ಮುಗಿಸ್ಲಿ ಅಂತ ಸುಮ್ನಿದ್ದೆ ಸರ್" ಅಂದಳು.